ಬರೆದವರು, ಬರೆಸಿದವರು: ಮೊದಲ ಮಹಾಯುದ್ಧದ ಭಾರತೀಯ ಸೈನಿಕರ ಪತ್ರಗಳಲ್ಲಿ ಉತ್ತಮಪುರುಷದ ಪ್ರಶ್ನೆ

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳ ನಡುವೆ ಮೊದಲ ಮಹಾಯುದ್ಧದ ಕಾಲದ ಭಾರತೀಯ ಅಂಚೆ ತಪಾಸಣೆಯ ವರದಿಗಳು ಉಳಿದುಬಂದಿವೆ. ಫ್ರಾನ್ಸಿನ ರಣರಂಗದಲ್ಲಿದ್ದ ಹಾಗೂ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿದ್ದ ಭಾರತೀಯ ಸೈನಿಕರು ಮನೆಗೆ ಕಳುಹಿಸಿದ, ಮನೆಯಿಂದ ಪಡೆದ ಪತ್ರಗಳಿಂದ ಆಯ್ದ ಭಾಗಗಳು ಈ ವರದಿಗಳಲ್ಲಿ ಇಂಗ್ಲಿಷ್ ಅನುವಾದದಲ್ಲಿವೆ. ನಮೂದಿನ ತಲೆಯಲ್ಲಿ ಕಳುಹಿಸಿದವನ ಹೆಸರು, ಅವನ ಪಡೆ, ಪಡೆಯುವವರ ಹೆಸರು ಮತ್ತು ಊರು, ದಿನಾಂಕ, ಮೂಲ ಪತ್ರದ ಭಾಷೆ ಮುಂತಾದ ವಿವರಗಳಿರುತ್ತವೆ. ಅದರ ಕೆಳಗೆ, ಉತ್ತಮಪುರುಷದಲ್ಲಿ, ಒಂದು ಸಣ್ಣ ಗದ್ಯಖಂಡ. ಮೂಲಪತ್ರಗಳು ಬಹುತೇಕ ಉಳಿದಿಲ್ಲ. ಡೇವಿಡ್ ಒಮಿಸ್ಸಿ 1999ರಲ್ಲಿ ಸಂಪಾದಿಸಿ ಪ್ರಕಟಿಸಿದ ಸಂಕಲನದ ಮೂಲಕ ಈ ಗದ್ಯಖಂಡಗಳು ವಿದ್ವತ್ ವಲಯಕ್ಕೆ ವ್ಯಾಪಕವಾಗಿ ಪರಿಚಿತವಾದವು. ಅಂದಿನಿಂದ ಇತಿಹಾಸಕಾರರು ಅವುಗಳನ್ನು 'ಸೈನಿಕರ ದನಿ' ಎಂದು ಓದುತ್ತ ಬಂದಿದ್ದಾರೆ, ಹಾಗೆ ಓದುವುದರ ಅಪಾಯವನ್ನೂ ತಾವೇ ಚರ್ಚಿಸಿದ್ದಾರೆ. ಭಾಷಾವಿಜ್ಞಾನಿಗಳು ಮಾತ್ರ ಈ ಸಾಮಗ್ರಿಯಿಂದ ಬಹುಮಟ್ಟಿಗೆ ದೂರ ಉಳಿದಂತಿದೆ. ಕಾರಣ ಊಹಿಸುವುದು ಕಷ್ಟವಲ್ಲ: ಮೂಲ ಭಾಷೆಯ ಒಂದು ಧ್ವನಿಮಾ ಕೂಡ ಇಲ್ಲದ ಪಠ್ಯವನ್ನು ಭಾಷಿಕ ಆಕರವೆಂದು ಕರೆಯುವುದು ಹೇಗೆ?

ಈ ಹಿಂಜರಿಕೆಯನ್ನು ಪ್ರಶ್ನಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅನುವಾದದಲ್ಲಿ ಭಾಷೆಯ ಎಲ್ಲ ಸ್ತರಗಳೂ ಒಂದೇ ಪ್ರಮಾಣದಲ್ಲಿ ನಾಶವಾಗುವುದಿಲ್ಲ. ಯಾವುದು ಅಳಿಯಿತು, ಯಾವುದು ಉಳಿಯಿತು ಎಂಬುದನ್ನು ಸ್ತರಸ್ತರವಾಗಿ ಗುರುತಿಸಿದರೆ, 'ಇದು ಸೈನಿಕನ ದನಿಯೇ' ಎಂಬ ಸರಳ ಪ್ರಶ್ನೆಯನ್ನು ಬಿಟ್ಟು, ಈ 'ನಾನು' ಎಂಬ ಪದದಲ್ಲಿ ಯಾರ ಯಾರ ಪಾಲು ಎಷ್ಟು ಎಂದು ಕೇಳುವುದು ಸಾಧ್ಯವಾಗುತ್ತದೆ. ಈ ಪ್ರಶ್ನೆಯನ್ನು ಕೇಳಲು ಕನ್ನಡದ ವ್ಯಾಕರಣವು ಇಂಗ್ಲಿಷಿಗಿಂತ ಹೆಚ್ಚು ಅನುಕೂಲವಾದ ಸಾಧನಗಳನ್ನು ಒದಗಿಸುತ್ತದೆ ಎಂಬುದು ನನ್ನ ಅನಿಸಿಕೆ.

ಪತ್ರದ ಹಾದಿ

ಭಾರತೀಯ ಪಡೆಯ ಮೊದಲ ತುಕಡಿಗಳು 1914ರ ಸೆಪ್ಟೆಂಬರ್ ಕೊನೆಯಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಕಾಲಾಳುಪಡೆಯ ಬಹುಭಾಗ 1915ರ ಅಂತ್ಯಕ್ಕೆ ಮೆಸೊಪೊಟೇಮಿಯಾಕ್ಕೆ ಹೊರಟಿತು. ಅಶ್ವದಳಗಳು 1918ರವರೆಗೂ ಫ್ರಾನ್ಸಿನಲ್ಲಿದ್ದವು. ಯುದ್ಧದ ಅವಧಿಯಲ್ಲಿ ಯೋಧರೂ ಸಹಾಯಕರೂ ಸೇರಿ ಸುಮಾರು 1,38,000 ಭಾರತೀಯರು ಫ್ರಾನ್ಸಿಗೆ ಹೋಗಿದ್ದರೆಂಬ ಲೆಕ್ಕವಿದೆ. 1915ರ ವಸಂತದ ಹೊತ್ತಿಗೆ ಅವರು ವಾರಕ್ಕೆ 10,000ದಿಂದ 20,000 ಪತ್ರಗಳನ್ನು ಮನೆಗೆ ಕಳುಹಿಸುತ್ತಿದ್ದರು. 1911ರ ಜನಗಣತಿಯಲ್ಲಿ ಭಾರತದ ಅಕ್ಷರಸ್ಥರ ಪ್ರಮಾಣ ಶೇಕಡ 6ರಷ್ಟು ಮಾತ್ರವಿತ್ತು ಎಂಬುದನ್ನು ಈ ಸಂಖ್ಯೆಯ ಪಕ್ಕದಲ್ಲಿ ಇಟ್ಟು ನೋಡಬೇಕು. ಸೈನ್ಯಕ್ಕೆ ಸೇರುತ್ತಿದ್ದವರು ಹೆಚ್ಚಾಗಿ ಪಂಜಾಬ್, ಗಢವಾಲ, ನೇಪಾಳ, ವಾಯವ್ಯ ಗಡಿನಾಡುಗಳ ಒಕ್ಕಲು ಕುಟುಂಬಗಳವರು. ಆದ್ದರಿಂದ ಈ ಪತ್ರಗಳಲ್ಲಿ ಬಹಳಷ್ಟನ್ನು ಸೈನಿಕ ತಾನೇ ಬರೆಯಲಿಲ್ಲ, ಹೇಳಿ ಬರೆಸಿದ. ಬರೆದುಕೊಟ್ಟವನು ಅದೇ ಪಡೆಯ ಓದುಬಲ್ಲ ಜೊತೆಗಾರನೋ ಲಿಪಿಕಾರನೋ ಆಗಿದ್ದ. ಊರಿನಲ್ಲಿಯೂ ಅದೇ ಸ್ಥಿತಿ: ಪತ್ರವನ್ನು ಇನ್ನೊಬ್ಬರು ಓದಿ ಹೇಳಬೇಕು, ಉತ್ತರವನ್ನು ಇನ್ನೊಬ್ಬರು ಬರೆದುಕೊಡಬೇಕು.

ಈ ನಡುವೆ ತಪಾಸಣೆ. ಪಡೆಯ ಮಟ್ಟದಲ್ಲಿ ಒಮ್ಮೆ ಪರಿಶೀಲನೆಯಾದ ಮೇಲೆ ಪತ್ರಗಳು ಬೂಲೋನಿನ ಕಚೇರಿಗೆ ಬರುತ್ತಿದ್ದವು. ಅದರ ಮೊದಲ ಮುಖ್ಯಸ್ಥ ಇಂಡಿಯನ್ ಸಿವಿಲ್ ಸರ್ವಿಸಿನ ಈವ್ಲಿನ್ ಬರ್ಕ್‌ಲಿ ಹೋವೆಲ್. ಕೆಲವೇ ಮಂದಿ ಸಿಬ್ಬಂದಿಗೆ ಎಲ್ಲವನ್ನೂ ಓದುವುದು ಸಾಧ್ಯವಿರಲಿಲ್ಲ; ಆಯ್ದು ಓದಿ, ಗಮನಾರ್ಹವೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ, ವರದಿಯೊಂದಿಗೆ ಮೇಲಧಿಕಾರಿಗಳಿಗೆ ಕಳುಹಿಸುತ್ತಿದ್ದರು. ಸೈನಿಕರ ಮನೋಸ್ಥಿತಿಯನ್ನು ತಿಳಿಯುವುದು ಮುಖ್ಯ ಉದ್ದೇಶವಾಗಿತ್ತು. 1915ರ ಆರಂಭದ ಒಂದು ವರದಿಯಲ್ಲಿ ಹೋವೆಲ್, ಸೈನಿಕರು ಪತ್ರಗಳಲ್ಲಿ ಪದ್ಯ ಬರೆಯತೊಡಗಿರುವುದನ್ನು ಮನಸ್ಸಿನ ಕ್ಷೋಭೆಯ ಅಶುಭ ಸೂಚನೆಯೆಂದು ದಾಖಲಿಸುತ್ತಾನೆ. ಅಧಿಕಾರಿಯೊಬ್ಬ ಛಂದಸ್ಸನ್ನು ರೋಗಲಕ್ಷಣದಂತೆ ಓದಿದ ಈ ಪ್ರಸಂಗ ತಮಾಷೆಯಾಗಿ ಕಾಣಬಹುದು. ಆದರೆ ಪಠ್ಯದ ಪ್ರಕಾರ ಬದಲಾದರೆ ಮಾತನಾಡುವವನ ನಿಲುವೂ ಬದಲಾಗಿದೆ ಎಂದು ಅವನು ಗ್ರಹಿಸಿದ್ದನಲ್ಲ, ಅದು ಸಂಕಥನ ವಿಶ್ಲೇಷಣೆಯ ದೃಷ್ಟಿಯಿಂದ ಕೆಟ್ಟ ಊಹೆಯೇನಲ್ಲ.

ಕರ್ನಾಟಕದ ಓದುಗರಿಗೆ ಇಲ್ಲಿ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. 'ಸಮರ ಜನಾಂಗ'ಗಳೆಂಬ ವಸಾಹತು ಸಿದ್ಧಾಂತದಿಂದಾಗಿ ದಕ್ಷಿಣದವರ ನೇಮಕಾತಿ ಆ ಹೊತ್ತಿಗೆ ತೀರ ಕುಗ್ಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಕಾಳಗದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಸೇವೆ ಸಲ್ಲಿಸಿದ್ದು ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ರಂಗದಲ್ಲಿ. ಬೂಲೋನ್ ವರದಿಗಳು ಪ್ರಧಾನವಾಗಿ ಉತ್ತರದ ಭಾಷೆಗಳವು. ಆದ್ದರಿಂದ ಮುಂದಿನ ಚರ್ಚೆಯಲ್ಲಿ ಕನ್ನಡವು ಹೋಲಿಕೆಗಾಗಿ ಬರುತ್ತದೆ. ಆಕರದ ಭಾಷೆಯಾಗಿ ಅಲ್ಲ.

ಭಾಷೆಯ ಹೆಸರು, ಲಿಪಿಯ ಹೆಸರು

ನಮೂದುಗಳ ತಲೆಬರಹದಲ್ಲಿ ಕೊಟ್ಟಿರುವ ಭಾಷೆಯ ಹೆಸರಿನಿಂದಲೇ ತೊಡಕು ಆರಂಭವಾಗುತ್ತದೆ. ಉರ್ದು, ಹಿಂದಿ, ಪಶ್ತೋ ಇತ್ಯಾದಿಗಳ ಜೊತೆಗೆ 'ಗುರುಮುಖಿ' ಎಂಬುದೂ ಭಾಷೆಯ ಹೆಸರಾಗಿ ಕಾಣಿಸಿಕೊಳ್ಳುತ್ತದೆ. ಗುರುಮುಖಿ ಲಿಪಿ; ಭಾಷೆ ಪಂಜಾಬಿ. ತಪಾಸಣೆಯ ಮೇಜಿನ ಮೇಲೆ ಪತ್ರವನ್ನು ಯಾರ ಕೈಗೆ ಕೊಡಬೇಕು ಎಂಬುದನ್ನು ಕಣ್ಣಿಗೆ ಕಾಣುವ ಲಿಪಿಯೇ ನಿರ್ಧರಿಸುತ್ತಿತ್ತು ಎಂದು ಊಹಿಸಬಹುದು. 'ಉರ್ದು' ಎಂಬ ಸೂಚನೆಯಾದರೂ ಸೈನಿಕನ ಮನೆಮಾತನ್ನು ತಿಳಿಸುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಪಂಜಾಬಿನ ಕಚೇರಿ, ನ್ಯಾಯಾಲಯ ಮತ್ತು ಶಾಲೆಗಳ ಬರವಣಿಗೆಯ ಭಾಷೆ ಉರ್ದು ಆಗಿತ್ತು. ಪಂಜಾಬಿ ಮಾತನಾಡುವವನು ಹೇಳಿದ್ದನ್ನು ಲಿಪಿಕಾರ ತನಗೆ ಬರೆಯಲು ಬರುವ ಉರ್ದುವಿನಲ್ಲಿ ಬರೆಯುವುದು ಸಾಮಾನ್ಯ ಸಂಗತಿ. ಅಂದರೆ ಇಂಗ್ಲಿಷಿಗೆ ಆದದ್ದು ಎಷ್ಟೋ ಸಲ ಎರಡನೆಯ ಅನುವಾದ. ಮೊದಲನೆಯದು ಆ ಕಂದಕದ ಹಿಂದಿನ ಬಿಡಾರದಲ್ಲೋ ಆಸ್ಪತ್ರೆಯ ಮಂಚದ ಪಕ್ಕದಲ್ಲೋ, ಹೇಳುವವನ ಬಾಯಿಗೂ ಬರೆಯುವವನ ಕೈಗೂ ನಡುವೆ, ಯಾವ ಗುರುತನ್ನೂ ಉಳಿಸದೆ ನಡೆದುಹೋಗಿತ್ತು.

ಊರಿನಲ್ಲಿ ಪತ್ರವನ್ನು ಗಟ್ಟಿಯಾಗಿ ಓದುವವರು ಅದನ್ನು ಮತ್ತೆ ಮನೆಮಾತಿಗೆ ತಂದುಕೊಂಡೇ ಹೇಳುತ್ತಿದ್ದಿರಬೇಕು. ಎರಡು ತುದಿಗಳಲ್ಲೂ ಮಾತು, ನಡುವೆ ಮಾತ್ರ ಬರಹ. ವಾಚಿಕ ಮತ್ತು ಲಿಖಿತ ಎಂಬ ದ್ವಿವಿಭಜನೆಯಲ್ಲಿ ಈ ಪತ್ರಗಳನ್ನು ಎಲ್ಲಿ ಇಡಬೇಕೆಂಬುದು ನನಗಂತೂ ಇನ್ನೂ ಸ್ಪಷ್ಟವಾಗಿಲ್ಲ.

ಬರೆ ಮತ್ತು ಬರೆಸು

ಅರ್ವಿಂಗ್ ಗಾಫ್‌ಮನ್ 1981ರ ತನ್ನ 'ಫಾರ್ಮ್ಸ್ ಆಫ್ ಟಾಕ್' ಗ್ರಂಥದಲ್ಲಿ 'ಮಾತನಾಡುವವನು' ಎಂಬ ಅಖಂಡ ಕಲ್ಪನೆಯನ್ನು ಮೂರಾಗಿ ಒಡೆದದ್ದು ಓದುಗರಿಗೆ ತಿಳಿದದ್ದೇ: ಮಾತನ್ನು ಉಚ್ಚರಿಸುವವನು, ಪದಗಳನ್ನು ಆಯ್ದು ಜೋಡಿಸುವವನು, ಆ ಮಾತಿನ ಹೊಣೆ ಹೊರುವವನು. ಬರೆಸಿದ ಪತ್ರದಲ್ಲಿ ಹೊಣೆ ಸೈನಿಕನದು, ಕೈ ಲಿಪಿಕಾರನದು, ಪದಗಳ ಆಯ್ಕೆ ಇಬ್ಬರಿಗೂ ಹಂಚಿಹೋಗಿದೆ. ಬೂಲೋನಿನ ನಮೂದು ಮಾತ್ರ ಇದೆಲ್ಲವನ್ನೂ 'ಇಂಥವನಿಂದ' ಎಂಬ ಒಂದೇ ಸಾಲಿಗೆ ಇಳಿಸುತ್ತದೆ. ಇಂಗ್ಲಿಷಿನಲ್ಲಿ ಹಾಗೆ ಇಳಿಸುವುದು ಸುಲಭ, ಏಕೆಂದರೆ ಬರೆಯುವ ಮತ್ತು ಬರೆಸುವ ಕ್ರಿಯೆಗಳನ್ನು ಧಾತುವಿನ ಮಟ್ಟದಲ್ಲಿ ಬೇರ್ಪಡಿಸುವ ಪ್ರತ್ಯಯ ಆ ಭಾಷೆಯಲ್ಲಿಲ್ಲ, ಬಳಸುಮಾತಿನಲ್ಲಿ ಹೇಳಬೇಕು. ಹಿಂದಿ-ಉರ್ದುವಿನಲ್ಲಿ 'ಲಿಖ್‌ನಾ' ಮತ್ತು 'ಲಿಖ್‌ವಾನಾ', 'ಪಢ್‌ನಾ' ಮತ್ತು 'ಪಢ್‌ವಾನಾ' ಬೇರೆಬೇರೆ ಕ್ರಿಯಾರೂಪಗಳು. ಪಂಜಾಬಿಯಲ್ಲೂ ಹಾಗೆಯೇ. ಕನ್ನಡದಲ್ಲಿ ಬರೆ-ಬರೆಸು, ಓದು-ಓದಿಸು. 'ಮಗ ಕಾಗದ ಬರೆದಿದ್ದಾನೆ' ಮತ್ತು 'ಮಗ ಕಾಗದ ಬರೆಸಿದ್ದಾನೆ' ಎಂಬ ವಾಕ್ಯಗಳ ನಡುವಿನ ವ್ಯತ್ಯಾಸವನ್ನು ಓದು ಬರದ ತಾಯಿಯೂ ತಿಳಿಯುತ್ತಾಳೆ. ಮೂಲಪತ್ರಗಳಲ್ಲಿ ಈ ಪ್ರೇರಣಾರ್ಥಕ ರೂಪ ಎಷ್ಟು ಕಡೆ ಇತ್ತೋ, ಇಂಗ್ಲಿಷಿನ ಒಂದೇ ಕ್ರಿಯಾಪದದೊಳಗೆ ಎಷ್ಟು ಕಡೆ ಕರಗಿತೋ!

ಇನ್ನೂ ಸೂಕ್ಷ್ಮವಾದ ಒಂದು ವಿಷಯ ಪರೋಕ್ತಿಗೆ ಸಂಬಂಧಿಸಿದ್ದು. ಪತ್ರ ತಲುಪಿದ ಮೇಲೆ ಮನೆಯವರು ಅದರ ಸಾರವನ್ನು ನೆರೆಯವರಿಗೆ ಹೇಳುವ ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಕನ್ನಡದಲ್ಲಿ ಮೂರು ರೀತಿಯಲ್ಲಿ ಹೇಳಬಹುದು (ಇವು ವಿವರಣೆಗಾಗಿ ನಾನೇ ರಚಿಸಿದ ವಾಕ್ಯಗಳು): 'ಮಗನು ತಾನು ಬರುತ್ತಾನೆಂದು ಬರೆಸಿದ್ದಾನೆ', 'ಮಗನು ನಾನು ಬರುತ್ತೇನೆಂದು ಬರೆಸಿದ್ದಾನೆ', 'ಮಗನು ತಾನು ಬರುತ್ತೇನೆಂದು ಬರೆಸಿದ್ದಾನೆ'. ಮೊದಲನೆಯದು ಪೂರ್ಣವಾಗಿ ವರದಿಗಾರನ ದೃಷ್ಟಿಯಿಂದ ಹೊರಟಿದೆ. ಎರಡನೆಯದರಲ್ಲಿ 'ನಾನು' ಮಗನೂ ಆಗಬಹುದು, ಸಂದರ್ಭ ಒದಗಿದರೆ ಹೇಳುತ್ತಿರುವವನೂ ಆಗಬಹುದು. ಮೂರನೆಯದು ವಿಶೇಷವಾದದ್ದು. ಅಲ್ಲಿ ಕರ್ತೃಪದ ಆತ್ಮಾರ್ಥಕ ಸರ್ವನಾಮವಾದ 'ತಾನು'. ಆಖ್ಯಾತ ಪ್ರತ್ಯಯ ಮಾತ್ರ ಉತ್ತಮಪುರುಷದ '-ಏನೆ'. ಸಾಮಾನ್ಯ ಸ್ವತಂತ್ರ ವಾಕ್ಯದಲ್ಲಿ 'ತಾನು ಬರುತ್ತೇನೆ' ಎಂಬುದು ವ್ಯಾಕರಣಬದ್ಧವಲ್ಲ; 'ಎಂದು' ಎಂಬ ಉಕ್ತಿಸೂಚಕದ ಅಡಿಯಲ್ಲಿ ಅದು ಸಹಜ. ಸರ್ವನಾಮವನ್ನು ವರದಿ ಮಾಡುವವನು ತನ್ನ ಕಡೆಯಿಂದ ಇಟ್ಟಿದ್ದಾನೆ, ಕ್ರಿಯಾಪದದ ಅನ್ವಯವನ್ನು ಮೂಲ ವಕ್ತೃವಿಗೆ ಬಿಟ್ಟುಕೊಟ್ಟಿದ್ದಾನೆ. ದ್ರಾವಿಡ ಭಾಷೆಗಳ ಈ ರಚನೆಯನ್ನು ನಿರ್ದೇಶಪಲ್ಲಟದ ಚರ್ಚೆಯಲ್ಲಿ ಈಚಿನ ವಾಕ್ಯವಿಜ್ಞಾನ ಗಂಭೀರವಾಗಿ ಪರಿಶೀಲಿಸುತ್ತಿದೆ. ನನಗಿಲ್ಲಿ ಮುಖ್ಯವೆನಿಸುವುದು ಬೇರೆ: ಒಂದೇ ಉಪವಾಕ್ಯದೊಳಗೆ ಇಬ್ಬರು ವಕ್ತೃಗಳ ಪಾಲನ್ನು ಬೇರೆಬೇರೆ ಸ್ಥಾನಗಳಲ್ಲಿ ತೋರಿಸುವ ಏರ್ಪಾಟು ಭಾಷೆಯೊಂದರಲ್ಲಿ ಈಗಾಗಲೇ ಇದೆ. ಬರೆಸಿದ ಪತ್ರದ 'ನಾನು' ಅಂತಹ ಮಿಶ್ರರೂಪ. ಬೂಲೋನಿನ ಇಂಗ್ಲಿಷ್ ಅನುವಾದವು ಅದನ್ನು ಶುದ್ಧ ಉತ್ತಮಪುರುಷವಾಗಿ ಕಾಣಿಸುವಂತೆ ಮಾಡಿದೆ.

ನೀನು, ನೀವು, ಅಣ್ಣ, ತಮ್ಮ

ಸ್ನಾತಕೋತ್ತರ ತರಗತಿಯೊಂದರಲ್ಲಿ ಇಂತಹ ಕೆಲವು ಇಂಗ್ಲಿಷ್ ಖಂಡಗಳನ್ನು ಕನ್ನಡಕ್ಕೆ ತರುವ ಅಭ್ಯಾಸವನ್ನು ಕೊಟ್ಟಿದ್ದೆ. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಕೆಲಸ ಎರಡು ತರಗತಿಗಳನ್ನು ತೆಗೆದುಕೊಂಡಿತು. ಮೊದಲ ವಾಕ್ಯದಲ್ಲೇ ಎಲ್ಲರೂ ನಿಂತರು: ಪತ್ರ ಪಡೆಯುವವನನ್ನು 'ನೀನು' ಎನ್ನಬೇಕೇ, 'ನೀವು' ಎನ್ನಬೇಕೇ, 'ತಾವು' ಎನ್ನಬೇಕೇ? ಉರ್ದುವಿನ 'ತೂ', 'ತುಮ್', 'ಆಪ್' ಮೂರೂ ಇಂಗ್ಲಿಷಿನ ಒಂದೇ ಮಧ್ಯಮಪುರುಷ ಸರ್ವನಾಮದಲ್ಲಿ ಮುಳುಗಿಹೋಗಿವೆ. ಎರಡನೆಯ ತಡೆ ಬಂಧುವಾಚಕಗಳದು. ಪಡೆಯುವವನು ಅಣ್ಣನೋ ತಮ್ಮನೋ ಎಂಬುದು ಇಂಗ್ಲಿಷ್ ಪದದಿಂದ ತಿಳಿಯುವುದಿಲ್ಲ. ಚಾಚಾ, ತಾಯಾ, ಮಾಮಾ ಎಂಬ ಸ್ಪಷ್ಟ ಭೇದಗಳೂ ಒಂದೇ ಪದವಾಗಿವೆ. ಕನ್ನಡಕ್ಕೆ ತರುವವರು ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಇವರಲ್ಲಿ ಒಬ್ಬರನ್ನು ಆರಿಸಲೇಬೇಕು. ವಿದ್ಯಾರ್ಥಿಗಳಲ್ಲಿ ಒಬ್ಬಳು, ಸೈನ್ಯಕ್ಕೆ ಸೇರಬೇಡವೆಂದು ಎಚ್ಚರಿಸುವ ಪತ್ರವಾದ್ದರಿಂದ ಅದು ತಮ್ಮನಿಗೇ ಬರೆದದ್ದಿರಬೇಕು, ಆದ್ದರಿಂದ 'ನೀನು' ಸರಿ ಎಂದು ವಾದಿಸಿದಳು. ಒಳ್ಳೆಯ ವಾದವೇ. ಆದರೆ ಅದು ಭಾಷಿಕ ಸಾಕ್ಷ್ಯದಿಂದ ಬಂದದ್ದಲ್ಲ. ಅಣ್ಣ-ತಮ್ಮಂದಿರ ಬಗ್ಗೆ ನಾವು ಮೊದಲೇ ಹೊತ್ತುಕೊಂಡು ಬಂದ ತಿಳಿವಳಿಕೆಯಿಂದ ಬಂದದ್ದು. ಆ ತಿಳಿವಳಿಕೆಯನ್ನು ಅನುವಾದದೊಳಕ್ಕೆ ಸೇರಿಸಿ, ಆಮೇಲೆ ಅನುವಾದದಿಂದ ಹೊರತೆಗೆದು 'ಸೈನಿಕನ ದನಿಯಲ್ಲಿ ಅಣ್ಣತನದ ಅಧಿಕಾರವಿದೆ' ಎಂದು ಬರೆದರೆ ಸಂಶೋಧನೆ ವೃತ್ತಾಕಾರವಾಗುತ್ತದೆ.

ಹಾಗಾದರೆ ಗೌರವಸೂಚಕ ಸರ್ವನಾಮ, ಬಂಧುವಾಚಕಗಳ ವ್ಯವಸ್ಥೆ, ಆಕೃತಿಮಾವಿಜ್ಞಾನ, ಧ್ವನಿ, ಉಪಭಾಷೆಯ ಚಹರೆ ಇವೆಲ್ಲ ಹೋದವು. 'ಇಜ್ಜತ್' ಎಂಬ ಪದವನ್ನು ಕುರಿತು ಈ ಪತ್ರಗಳ ಅಧ್ಯಯನದಲ್ಲಿ ಬಹಳ ಚರ್ಚೆ ನಡೆದಿದೆ. ಇಂಗ್ಲಿಷಿನಲ್ಲಿ ಗೌರವವಾಚಕ ಪದ ಕಂಡಲ್ಲೆಲ್ಲ ಮೂಲದಲ್ಲಿ 'ಇಜ್ಜತ್' ಇತ್ತೆಂದು ಭಾವಿಸುವುದು ಸರಿಯಲ್ಲ. 'ಆಬ್ರೂ' ಇದ್ದಿರಬಹುದು, 'ನಾಮ್' ಇದ್ದಿರಬಹುದು. ಮಾನ, ಮರ್ಯಾದೆ, ಹೆಸರು, ಗೌರವ, ಪ್ರತಿಷ್ಠೆಗಳನ್ನು ಒಂದೇ ಪದದಿಂದ ಅನುವಾದಿಸಿದ ಕನ್ನಡ ಪಠ್ಯವೊಂದನ್ನು ಊಹಿಸಿಕೊಂಡರೆ ನಷ್ಟದ ಪ್ರಮಾಣ ಅರಿವಾಗುತ್ತದೆ.

ಮೆಣಸಿನ ಸಂಕೇತ

ಉಳಿದದ್ದು ಏನು ಎಂಬುದಕ್ಕೆ ಬರೋಣ. ತಮ್ಮ ಪತ್ರಗಳನ್ನು ಮೂರನೆಯವರು ಓದುತ್ತಾರೆಂದು ಸೈನಿಕರಿಗೆ ಬೇಗನೆ ತಿಳಿಯಿತು. ಆಮೇಲೆ ಹಲವರು ಮುಚ್ಚುಮಾತಿಗೆ ತೊಡಗಿದರು. ಅವುಗಳಲ್ಲಿ ಪ್ರಸಿದ್ಧವಾದದ್ದು ಭಾರತೀಯ ಸೈನಿಕರನ್ನು ಕರಿಮೆಣಸೆಂದೂ ಬ್ರಿಟಿಷ್ ಸೈನಿಕರನ್ನು ಕೆಂಪು ಮೆಣಸೆಂದೂ ಕರೆದು, ಎರಡರ ದಾಸ್ತಾನು ಮತ್ತು ಖರ್ಚಿನ ನೆಪದಲ್ಲಿ ಸಾವುನೋವಿನ ಸುದ್ದಿ ಹೇಳಿದ್ದು. ತಪಾಸಣಾಧಿಕಾರಿಗಳಿಗೆ ಇದು ಅರ್ಥವಾಗಲು ಹೆಚ್ಚು ಸಮಯ ಬೇಕಾಗಲಿಲ್ಲ.

ಈ ರೂಪಕ ಅನುವಾದವನ್ನು ದಾಟಿ ಬಂದದ್ದು ಹೇಗೆ ಎಂಬುದು ಗಮನಾರ್ಹ. ಹಿಂದುಸ್ತಾನಿಯಲ್ಲಿ 'ಕಾಲೀ ಮಿರ್ಚ್', 'ಲಾಲ್ ಮಿರ್ಚ್' ಎಂಬ ಎರಡು ಪದಗುಚ್ಛಗಳಿಗೂ ವಿಶೇಷ್ಯ ಒಂದೇ. ಬಣ್ಣದ ವಿಶೇಷಣ ಮಾತ್ರ ಬೇರೆ. ಒಂದೇ ಜಾತಿಯ ಎರಡು ಬಗೆ, ಎರಡೂ ಖಾರ, ಬಣ್ಣ ಮಾತ್ರ ಬೇರೆ ಎಂಬ ರೂಪಕದ ತಿರುಳು ಇರುವುದೇ ಈ ವ್ಯಾಕರಣ ಸಾಮ್ಯದಲ್ಲಿ. ಇಂಗ್ಲಿಷಿನಲ್ಲೂ ಆಕಸ್ಮಿಕವಾಗಿ ಅದೇ ರಚನೆಯಿರುವುದರಿಂದ ಸಂಕೇತಕ್ಕೆ ಹಾನಿಯಾಗಲಿಲ್ಲ. ಕನ್ನಡದಲ್ಲಿ ಕರಿಮೆಣಸು 'ಮೆಣಸು', ಕೆಂಪಗಿರುವುದು ಸಾಮಾನ್ಯವಾಗಿ 'ಮೆಣಸಿನಕಾಯಿ'. ಒಂದು ಕಾಳು, ಇನ್ನೊಂದು ಕಾಯಿ. ಇದೇ ಸಂಕೇತವನ್ನು ಕನ್ನಡದಲ್ಲಿ ಕಟ್ಟಿದ್ದರೆ ಸಮಾನತೆ ಸ್ವಲ್ಪ ವಾಲುತ್ತಿತ್ತು. ಧ್ವನಿ ಮತ್ತು ಪ್ರತ್ಯಯಗಳು ನಾಶವಾದ ಪಠ್ಯದಲ್ಲಿಯೂ ಪದಗುಚ್ಛದ ರಚನೆ ಹಾಗೂ ಅದರ ಮೇಲೆ ನಿಂತ ಪರೋಕ್ಷಸೂಚನೆ ಉಳಿಯಬಲ್ಲವು ಎಂಬುದಕ್ಕೆ ಇದು ನಿದರ್ಶನ. ಮುಚ್ಚುಮಾತಿನ ಆಯ್ಕೆಯನ್ನು ಲಿಪಿಕಾರನಿಗಿಂತ ಹೆಚ್ಚಾಗಿ ಸೈನಿಕನಿಗೆ ಸಲ್ಲಿಸಲು ಒಂದು ಕಾರಣವೂ ಇದೆ: ಮನೆಯವರಿಗೆ ಯಾವ ಹೋಲಿಕೆ ಹೊಳೆಯುತ್ತದೆ ಎಂಬುದು ಅವನಿಗೆ ಗೊತ್ತು.

ಕ್ಷೇಮ ಎಂಬ ಉಕ್ತಿ

ಸೂತ್ರವಾಕ್ಯಗಳ ವಿಷಯದಲ್ಲಿ ಪರಿಸ್ಥಿತಿ ತದ್ವಿರುದ್ಧ. ಹಳೆಯ ಕನ್ನಡ ಪತ್ರಗಳ 'ತೀರ್ಥರೂಪ', 'ಸಾಷ್ಟಾಂಗ ನಮಸ್ಕಾರಗಳು', 'ಉಭಯ ಕುಶಲೋಪರಿ ಸಾಂಪ್ರತ' ಎಂಬ ಚೌಕಟ್ಟನ್ನು ನಮ್ಮಲ್ಲಿ ಅನೇಕರು ಅಜ್ಜ-ಅಜ್ಜಿಯರ ಟ್ರಂಕಿನಲ್ಲಿ ನೋಡಿದ್ದೇವೆ. ಉರ್ದು ಪತ್ರಗಳಲ್ಲಿಯೂ ಇಲ್ಲಿ ಕ್ಷೇಮ, ಅಲ್ಲಿಯ ಕ್ಷೇಮವನ್ನು ದೇವರಲ್ಲಿ ಬೇಡುತ್ತೇನೆ ಎಂಬ ಅರ್ಥದ ವಾಕ್ಯ ಮೊದಲು ಬಂದು, 'ದೀಗರ್ ಅಹ್ವಾಲ್ ಯೆಹ್ ಹೈ' ಎಂಬ ಸಂಧಿಸ್ಥಾನದಿಂದ ಸುದ್ದಿ ಆರಂಭವಾಗುವ ಪದ್ಧತಿಯಿದೆ. ಇವು ಲಿಪಿಕಾರನ ಸೊತ್ತು. ಸೈನಿಕ ಬಾಯಿಬಿಡುವ ಮೊದಲೇ ಅವನು ಇಷ್ಟನ್ನು ಬರೆದು ಮುಗಿಸಿರಬಹುದು.

ತಪಾಸಣೆಯ ಸಿಬ್ಬಂದಿಗೆ ಇಂತಹ ಆರಂಭಗಳು ನಿರುಪಯುಕ್ತವೆನಿಸಿದವು; ಬಹುಪಾಲು ಖಂಡಗಳು ಸುದ್ದಿಯಿಂದಲೇ ತೊಡಗುತ್ತವೆ. ನನ್ನ ದೃಷ್ಟಿಯಲ್ಲಿ ಇದು ಈ ಸಾಮಗ್ರಿಯ ಅತಿ ದೊಡ್ಡ ನಷ್ಟಗಳಲ್ಲೊಂದು. ಸೂತ್ರವಾಕ್ಯ ಮಾಹಿತಿಯನ್ನು ಕೊಡುವುದಿಲ್ಲ ನಿಜ. ಮಲಿನೋವ್‌ಸ್ಕಿ 1923ರಲ್ಲಿ ಗುರುತಿಸಿದಂತೆ ಇಂತಹ ಮಾತಿನ ಕೆಲಸ ಸಂಬಂಧವನ್ನು ಉಳಿಸುವುದು. ಆದರೆ ಸೂತ್ರದಿಂದ ಸರಿದದ್ದು ಅರ್ಥಪೂರ್ಣವೆನಿಸಬೇಕಾದರೆ ಸೂತ್ರವೇ ಕಣ್ಣಮುಂದೆ ಇರಬೇಕು. ನ್ಯೂವ್ ಶಾಪೆಲ್ ಕಾಳಗ ಮುಗಿದ ವಾರ 'ಇಲ್ಲಿ ಎಲ್ಲ ಕ್ಷೇಮ' ಎಂದು ಬರೆಸಿದವನು ಸುಳ್ಳು ಹೇಳುತ್ತಿದ್ದನೇ? ಆ ವಾಕ್ಯಕ್ಕೆ ಸತ್ಯಮೌಲ್ಯವನ್ನು ಹಚ್ಚುವುದೇ ತಪ್ಪು. ಕ್ಷೇಮದ ವಾಕ್ಯವಿಲ್ಲದೆ ನೇರವಾಗಿ ಸುದ್ದಿಗೆ ಇಳಿದ ಪತ್ರವನ್ನು ಓದಿ ಹೇಳುವಾಗ ಕೇಳುತ್ತಿದ್ದವರ ಎದೆ ಧಸಕ್ಕೆನ್ನುತ್ತಿತ್ತು. ಆ ಧಸಕ್ಕೆನ್ನುವಿಕೆ ವ್ಯಾಕರಣಕ್ಕೆ ಸಂಬಂಧಿಸಿದ ಸಂಗತಿ, ಮತ್ತು ಅದು ಬೂಲೋನಿನ ಬೆರಳಚ್ಚಿನಲ್ಲಿ ಕಾಣುವುದಿಲ್ಲ.

ಅದೇ ಕಂದಕಗಳಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಎ. 2042 ಎಂಬ ಸಂಖ್ಯೆಯ ಮುದ್ರಿತ ಅಂಚೆಕಾರ್ಡು ಸಿಗುತ್ತಿತ್ತು. ಚೆನ್ನಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ, ನಿಮ್ಮ ಪತ್ರ ತಲುಪಿತು ಇತ್ಯಾದಿ ಸಿದ್ಧವಾಕ್ಯಗಳಲ್ಲಿ ಬೇಡದ್ದನ್ನು ಹೊಡೆದುಹಾಕಿ ಸಹಿ ಮಾಡಬೇಕು. ಸ್ವಂತ ಪದ ಸೇರಿಸಿದರೆ ಕಾರ್ಡು ನಾಶ. ಅಕ್ಷರಸ್ಥನಾದವನ ಉತ್ತಮಪುರುಷವೂ ಹೀಗೆ ಇನ್ನೊಬ್ಬರು ರಚಿಸಿಕೊಟ್ಟದ್ದಾಗಿತ್ತು. ವಾಕ್ಯವನ್ನು ಕಟ್ಟುವ ಸ್ವಾತಂತ್ರ್ಯವನ್ನು ಕಿತ್ತುಕೊಂಡು ಆರಿಸುವ ಸ್ವಾತಂತ್ರ್ಯವನ್ನಷ್ಟೇ ಉಳಿಸಿದ ಈ ಕಾರ್ಡು ಸೊಸ್ಯೂರನ ಎರಡು ಅಕ್ಷಗಳನ್ನು ತರಗತಿಯಲ್ಲಿ ವಿವರಿಸಲು ಬಹಳ ಉಪಯುಕ್ತ.

ಇಲ್ಲಿ, ಅಲ್ಲಿ, ವಿಲಾಯತ್

ಪತ್ರದಲ್ಲಿ ನಿರ್ದೇಶಕೇಂದ್ರ ಎರಡು. ಬರೆಯುವ ಕಾಲ-ಸ್ಥಳ ಒಂದು, ಓದುವ ಕಾಲ-ಸ್ಥಳ ಇನ್ನೊಂದು. ಫಿಲ್ಮೋರ್ ಈ ಭೇದವನ್ನು 1971ರ ಉಪನ್ಯಾಸಗಳಲ್ಲಿ ವಿವರಿಸಿದ್ದಾನೆ. ಲ್ಯಾಟಿನ್ ಪತ್ರಲೇಖಕರು ಎಷ್ಟೋ ಸಲ ಓದುವವನ ಕಾಲಕ್ಕೆ ಸರಿಹೊಂದುವಂತೆ ತಮ್ಮ ವರ್ತಮಾನವನ್ನು ಭೂತಕಾಲದಲ್ಲಿ ಬರೆಯುತ್ತಿದ್ದರು. ಹಡಗಿನಲ್ಲಿ ವಾರಗಟ್ಟಲೆ ಸಾಗುವ ಯುದ್ಧಕಾಲದ ಪತ್ರದಲ್ಲಿ ಈ ಅಂತರಕ್ಕೆ ಬೇರೆಯೇ ತೂಕ. 'ಚೆನ್ನಾಗಿದ್ದೇನೆ' ಎಂಬ ವರ್ತಮಾನಕಾಲದ ವಾಕ್ಯ ಊರಿನಲ್ಲಿ ಓದಿಸಿಕೊಳ್ಳುವ ಹೊತ್ತಿಗೆ ಅದನ್ನು ಬರೆಸಿದವನು ಬದುಕಿದ್ದಾನೆಂಬ ಭರವಸೆಯಿಲ್ಲ. ಮರಣದ ಅಧಿಕೃತ ಸುದ್ದಿ ಪತ್ರಕ್ಕಿಂತ ಮೊದಲೇ ತಲುಪುವುದು ಸಾಧ್ಯವಿತ್ತು.

ಸ್ಥಳನಿರ್ದೇಶದ ಒಂದು ಪದ ಈ ಯುದ್ಧದಲ್ಲಿ ವಿಚಿತ್ರ ತಿರುವು ಪಡೆಯಿತು. ಅರಬಿಯ 'ವಿಲಾಯ' ಮೂಲದ 'ವಿಲಾಯತ್' ಎಂಬುದಕ್ಕೆ ನಾಡು, ಪ್ರಾಂತ ಎಂಬ ಅರ್ಥಗಳಿದ್ದು, ಹಿಂದುಸ್ತಾನಿಯಲ್ಲಿ ಹೊರನಾಡು, ಮುಖ್ಯವಾಗಿ ಇಂಗ್ಲೆಂಡು ಎಂಬ ಅರ್ಥ ನೆಲೆಯಾಯಿತು. ಅದರ ವಿಶೇಷಣರೂಪ 'ಬಿಲಾಯತೀ' ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಬಾಯಲ್ಲಿ 'ಬ್ಲೈಟಿ' ಆಗಿ, ಮೊದಲ ಮಹಾಯುದ್ಧದಲ್ಲಿ ಇಡೀ ಬ್ರಿಟಿಷ್ ಸೈನ್ಯದ 'ಮನೆ, ತಾಯ್ನಾಡು' ಎಂಬ ಹಂಬಲದ ಪದವಾಯಿತು. ಒಂದೇ ಕಂದಕದಲ್ಲಿ ಅಕ್ಕಪಕ್ಕ ನಿಂತ ಇಬ್ಬರು ಸೈನಿಕರಿಗೆ ಒಂದೇ ಮೂಲದ ಪದ ಒಬ್ಬನಿಗೆ ಪರದೇಶ, ಇನ್ನೊಬ್ಬನಿಗೆ ಮನೆ. ಕನ್ನಡದ 'ಸೀಮೆ'ಯೂ ಇದೇ ಹಾದಿಯಲ್ಲಿ ಒಂದಿಷ್ಟು ದೂರ ನಡೆದಿದೆ. ನಾಡು, ಎಲ್ಲೆ ಎಂಬ ಅರ್ಥದಿಂದ ಹೊರಟು ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆಗಳಲ್ಲಿ ಹೊರಗಿನಿಂದ ಬಂದದ್ದು ಎಂಬ ಅರ್ಥ ತಳೆದಿದೆ. ಮನೆಗೆ ಮರಳುವ ಅರ್ಥ ಮಾತ್ರ ಅದಕ್ಕೆ ಬರಲಿಲ್ಲ.

ವ್ಯಕ್ತಿ ಮತ್ತು ಸ್ಥಳಗಳ ಉಲ್ಲೇಖದ ಕ್ರಮ, ಯಾವುದನ್ನು ಮೊದಲು ಹೇಳಿದ, ಯಾವುದನ್ನು ಕೊನೆಗೆ ಮುಂದೂಡಿದ, ಯಾವ ಪ್ರಶ್ನೆಗೆ ಉತ್ತರಿಸದೆ ಬಿಟ್ಟ, ಆಜ್ಞಾರ್ಥಕವನ್ನು ಎಲ್ಲಿ ಬಳಸಿದ ಎಂಬವು ಎರಡು ಅನುವಾದಗಳನ್ನು ದಾಟಿಯೂ ಬಹುಮಟ್ಟಿಗೆ ಉಳಿಯುತ್ತವೆ. ಹೊಲದ ಅಡವು, ಎತ್ತಿನ ಬೆಲೆ, ತಂಗಿಯ ಮದುವೆಗಳ ನಡುವೆ ಸಿಕ್ಕಿಸಿದ, ಸೈನ್ಯಕ್ಕೆ ಸೇರಬೇಡವೆಂಬ ಒಂದು ನಿಷೇಧವಾಕ್ಯದ ಸ್ಥಾನ ಅನುವಾದಕನದಲ್ಲ. ಖಂಡವಾಗಿ ಕತ್ತರಿಸಿದ ಪತ್ರಗಳಲ್ಲಿ ಈ ವಿಶ್ಲೇಷಣೆಯೂ ಅಪಾಯಕರ. ಉದ್ದವಾದ ಖಂಡಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಬೇಕು.

ದನಿ ಉಳಿದು ಮನೆ ಅಳಿದ ಸಂಗ್ರಹ

ಈ ಚರ್ಚೆಗೆ ಎದುರಾಗಿ ನಿಲ್ಲುವ ಇನ್ನೊಂದು ಆಕರ ಬರ್ಲಿನಿನಲ್ಲಿದೆ. ಅಲ್ಲಿಗೆ ಸಮೀಪದ ವ್ಯೂನ್ಸ್‌ಡಾರ್ಫಿನ ಅರ್ಧಚಂದ್ರ ಶಿಬಿರದಲ್ಲಿ ಜರ್ಮನರು ವಸಾಹತುಗಳ ಯುದ್ಧಕೈದಿಗಳನ್ನು ಇರಿಸಿದ್ದರು. 1915ರಿಂದ 1918ರವರೆಗೆ ರಾಯಲ್ ಪ್ರಷ್ಯನ್ ಧ್ವನಿಗ್ರಹಣ ಆಯೋಗವು ವಿಲ್‌ಹೆಲ್ಮ್ ಡೋಗೆನ್‌ನ ಉಸ್ತುವಾರಿಯಲ್ಲಿ ಕೈದಿಗಳ ಮಾತನ್ನು ಅರಗಿನ ತಟ್ಟೆಗಳ ಮೇಲೆ ಮುದ್ರಿಸಿಕೊಂಡಿತು. ವಿವಿಧ ಶಿಬಿರಗಳಿಂದ ಸುಮಾರು 1,650 ತಟ್ಟೆಗಳಾದವು. ಇಂದು ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿಸಂಗ್ರಹದಲ್ಲಿವೆ. ಪ್ರತಿ ವಕ್ತೃವಿಗೂ ಹುಟ್ಟೂರು, ಮಾತೃಭಾಷೆ ಮುಂತಾದವನ್ನು ದಾಖಲಿಸಿದ ವಿವರಪತ್ರವಿದೆ. ಬೂಲೋನಿನಲ್ಲಿ ಇಲ್ಲದ್ದೆಲ್ಲ ಇಲ್ಲಿದೆ: ಧ್ವನಿ, ಸ್ವರಭಾರ, ಉಪಭಾಷೆ, ಉಸಿರು. ಆದರೆ ಮಾತು ಹೊರಟದ್ದು ಕಹಳೆಯ ಬಾಯಿಗೆ. ಮೊದಲೇ ಬರೆದು ಒಪ್ಪಿಸಿಕೊಂಡ ಪಠ್ಯವನ್ನು ಹೇಳಬೇಕಿತ್ತು. ಕೇಳುವವರು ಮನೆಯವರಲ್ಲ, ವಿದ್ವಾಂಸರು. ಬ್ರಿಟಿಷ್ ಸಾಮ್ರಾಜ್ಯದ ಅನೇಕ ಕೈದಿಗಳಿಂದ ಹೇಳಿಸಿದ ಪಠ್ಯವೊಂದು ಬೈಬಲಿನ ದುಂದುಗಾರ ಮಗನ ಸಾಮತಿ. ಗ್ರಿಯರ್‌ಸನ್‌ನ ಭಾರತೀಯ ಭಾಷಾ ಸರ್ವೇಕ್ಷಣದಲ್ಲಿಯೂ ಮಾದರಿ ಪಠ್ಯವಾಗಿದ್ದದ್ದು ಅದೇ. ದೂರದೇಶಕ್ಕೆ ಹೋದ ಮಗ ತಂದೆಯ ಮನೆಗೆ ಹಿಂದಿರುಗುವ ಕಥೆಯನ್ನು, ಹಿಂದಿರುಗುವ ದಾರಿ ಕಾಣದ ಕೈದಿಗಳಿಂದ ಧ್ವನಿವಿಜ್ಞಾನಕ್ಕಾಗಿ ಹೇಳಿಸಲಾಯಿತು. ಆಯ್ಕೆ ಮಾಡಿದವರಿಗೆ ಇದು ಹೊಳೆದಿತ್ತೇ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಒಂದು ಆಕರದಲ್ಲಿ ಸಂಬೋಧಿತರು ಉಳಿದು ದನಿ ಹೋಗಿದೆ, ಇನ್ನೊಂದರಲ್ಲಿ ದನಿ ಉಳಿದು ಸಂಬೋಧಿತರು ಹೋಗಿದ್ದಾರೆ. ಎರಡನ್ನೂ ಜೋಡಿಸಿ ಸೈನಿಕನ ಪೂರ್ಣ ಮಾತನ್ನು ಕಟ್ಟಿಕೊಡಬಹುದೆಂಬ ಆಸೆಗೆ ಬೀಳಬಾರದು; ಅವರು ಬೇರೆಬೇರೆ ಮನುಷ್ಯರು.

ಕನ್ನಡದ ಸಂದರ್ಭದಲ್ಲಿ ಮಾಡಬಹುದಾದ ಕೆಲಸ ಇನ್ನೂ ಕೈಜಾರಿಲ್ಲ. ಕೊಡಗು, ಬೆಳಗಾವಿ, ಧಾರವಾಡ, ಹಾಸನಗಳ ಮನೆಗಳಲ್ಲಿ ನಂತರದ ಯುದ್ಧಗಳ ಕಾಲದ ಪತ್ರಗಳಿದ್ದರೆ, ಅವುಗಳನ್ನು ಸಂಗ್ರಹಿಸುವ ಸಂಶೋಧಕರು ಪಠ್ಯವನ್ನು ಮಾತ್ರ ನಕಲು ಮಾಡಿಕೊಂಡು ಹೊರಡಬಾರದು. ಬರೆದವರು ಯಾರು, ಬರೆಸಿದವರು ಯಾರು, ಕೊಡವ ಅಥವಾ ಮರಾಠಿ ಮನೆಮಾತಿನವರಾಗಿದ್ದು ಕನ್ನಡದಲ್ಲಿ ಬರೆಸಿದರೇ, ಮನೆಯಲ್ಲಿ ಓದಿ ಹೇಳುತ್ತಿದ್ದವರು ಯಾರು, ಓದುವಾಗ ಯಾವ ಸಾಲನ್ನು ಬಿಟ್ಟು ಓದುತ್ತಿದ್ದರು ಎಂದು ಬದುಕಿರುವ ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕು. ಆರಂಭದ ಸೂತ್ರವಾಕ್ಯಗಳನ್ನು ಚುಕ್ಕಿಗಳಿಟ್ಟು ಬಿಡದೆ ಪೂರ್ತಿಯಾಗಿ ಅಚ್ಚು ಮಾಡಬೇಕು. ಅಂಚೆಮುದ್ರೆಯಿರುವ ಲಕೋಟೆಯನ್ನು ಪತ್ರದಿಂದ ಬೇರ್ಪಡಿಸಬಾರದು; ಬರೆದ ದಿನಕ್ಕೂ ತಲುಪಿದ ದಿನಕ್ಕೂ ನಡುವಿನ ಅಂತರ ದಾಖಲಾಗಿರುವುದು ಅದರ ಮೇಲೆಯೇ.